ಇನ್ನೊಂದು ಸಲ

ಅವಳಿಗೆ ಕಪ್ಪೆ ಎಂಬ ಹೆಸರು ಬಿದ್ದದ್ದು ಓಟದ ಮೈದಾನದಲ್ಲಿ. ಮಳೆ ನಿಂತ ಮಾರನೆಯ ಬೆಳಿಗ್ಗೆ ಟ್ರ್ಯಾಕಿನ ತಿರುವಿನಲ್ಲಿ, ನೀರು ನಿಂತಿದ್ದ ಜಾಗವನ್ನೇ ಹುಡುಕಿ, ಬೋರಲು ಮಲಗಿ, ಮೊಣಕೈ ಊರಿ, ಕೆಸರಿನಿಂದ ಒಂದು ಬೆರಳಿನಷ್ಟು ಮೇಲೆ ಕ್ಯಾಮೆರಾ ಹಿಡಿದುಕೊಂಡು ಕಾಯುತ್ತಿದ್ದಳು. ಓಡಿ ಬಂದವರ ಕಾಲು ಎರಚಿದ ರಾಡಿ ಮುಖಕ್ಕೆ ಬಡಿದರೂ ಕದಲಲಿಲ್ಲ. ದೂರದಲ್ಲಿ ನಿಂತಿದ್ದ ಕೋಚ್ ಒಬ್ಬರು, "ಯಾರ್ರೀ ಅದು, ಕಪ್ಪೆ ಥರ ಬಿದ್ಕೊಂಡಿರೋದು?" ಎಂದರು. ಅಷ್ಟು ಸಾಕಾಯಿತು. ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ. ಮುಂದೆ ವಿಸಿಟಿಂಗ್ ಕಾರ್ಡ್ ಮಾಡಿಸುವಾಗ ಮೂಲೆಯಲ್ಲಿ ಒಂದು ಪುಟ್ಟ ಕಪ್ಪೆಯ ಚಿತ್ರ ಹಾಕಿಸಿದಳು.

ಭಾನುವಾರ ಮಾತ್ರ ಮೈದಾನ. ಉಳಿದ ದಿನಗಳಲ್ಲಿ ಸೋದರಮಾವನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವ ಕೆಲಸ. ಇಕ್ಕಟ್ಟಾದ ಕೋಣೆ, ನೀಲಿ ಪರದೆ, ಒಂದು ಸ್ಟೂಲು, ಗೋಡೆಯಲ್ಲಿ ಕನ್ನಡಿ, ಕನ್ನಡಿಯ ಕೆಳಗೆ ಯಾರೂ ಜೇಬಿಗಿಳಿಸದಂತೆ ದಾರ ಕಟ್ಟಿದ ಬಾಚಣಿಗೆ. ಕೋಟಿಲ್ಲದೆ ಬಂದವರಿಗೆ ಕಂಪ್ಯೂಟರಿನಲ್ಲಿ ಕೋಟು ತೊಡಿಸುವುದು ಮಾವನ ಕೈಚಳಕ. ಅವರ ಹತ್ತಿರ ಇದ್ದದ್ದು ಒಂದೇ ಕೋಟು. ಊರಿನ ಅರ್ಧ ಜನ ಅದೇ ಕೋಟು ತೊಟ್ಟು, ಅದೇ ಟೈ ಕಟ್ಟಿಕೊಂಡು ಕೆಲಸಕ್ಕೆ ಅರ್ಜಿ ಹಾಕಿದ್ದರು.

"ನಾನು ಆಟೋಟದ ಫೋಟೋನೇ ಕಸುಬು ಮಾಡ್ಕೋತೀನಿ ಮಾವ," ಎಂದು ಅವಳು ಒಂದು ದಿನ ಹೇಳಿದಾಗ ಮಾವ ಮೌಸ್ ಬಿಡದೆ, "ಕೂತವರ ಫೋಟೋ ತೆಗೆದೇ ಹೊಟ್ಟೆ ತುಂಬ್ತಿಲ್ಲ. ನೀನು ಓಡೋರ ಹಿಂದೆ ಹೋಗ್ತೀಯ. ಅವರು ಒಂದು ಕಡೆ ನಿಂತರೆ ತಾನೇ ದುಡ್ಡು ಕೊಡೋದು," ಎಂದರು. ಹಾಗೆ ಗೊಣಗುತ್ತಲೇ ಬೀರು ತೆಗೆದು, ತಾವು ಆಸೆಪಟ್ಟು ಕೊಂಡು ಒಮ್ಮೆಯೂ ಸರಿಯಾಗಿ ಬಳಸದ ಉದ್ದನೆಯ ಲೆನ್ಸ್ ಅನ್ನು ಅವಳ ಕೈಗಿತ್ತರು.

ಕಸುಬು ಅಂದುಕೊಂಡಷ್ಟು ಬೇಗ ಕೈ ಹಿಡಿಯಲಿಲ್ಲ. ಓಟದ ಸ್ಪರ್ಧೆಗಳಲ್ಲಿ ತೆಗೆದ ಫೋಟೋಗಳನ್ನು ಓಡಿದವರು ಹೊಗಳಿದರು, ಪುಕ್ಕಟೆಯಾಗಿ ತೆಗೆದುಕೊಂಡು ಹೋದರು. ಆಟದ ಸಾಮಾನು ಮಾರುವ ಅಂಗಡಿಯೊಂದು ಕ್ಯಾಟಲಾಗ್ ಕೆಲಸ ಕೊಟ್ಟಿತು. ಬಿಳಿ ಹಲಗೆಯ ಮೇಲೆ ಚೆಂಡು, ಬಿಳಿ ಹಲಗೆಯ ಮೇಲೆ ಟೆಂಟು, ಬಿಳಿ ಹಲಗೆಯ ಮೇಲೆ ನೀರಿನ ಬಾಟಲಿ. ಹೊರಾಂಗಣದ ಫೋಟೋಗ್ರಾಫರ್ ಆಗಬೇಕೆಂದು ಹೊರಟವಳು ಎರಡು ವರ್ಷ ಕಿಟಕಿ ಮುಚ್ಚಿದ ಕೋಣೆಯಲ್ಲೇ ಕಳೆದಳು. ಆದರೂ ಆ ಹಲಗೆ ಅವಳಿಗೆ ಒಂದು ಪಾಠ ಕಲಿಸಿತು: ವಸ್ತುವನ್ನು ಕೊಳ್ಳುವವನು ಮೊದಲು ಎಲ್ಲಿ ನೋಡುತ್ತಾನೆ ಎಂಬುದು. ಶೂಗಳಾದರೆ ಹಿಮ್ಮಡಿ. ಟೆಂಟಾದರೆ ಬಾಗಿಲು. ಚಿತ್ರದಲ್ಲಿ ಅದೊಂದು ಸ್ಪಷ್ಟವಾಗಿದ್ದರೆ ಉಳಿದದ್ದೆಲ್ಲ ಧೂಳಾಗಿದ್ದರೂ ನಡೆಯುತ್ತದೆ.

ಅವಳ ಅಕ್ಕ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. "ನಮ್ಮನೇಲಿ ಇಬ್ಬರು ಫೋಟೋಗ್ರಾಫರು. ಅವಳು ಹೊರಗಿಂದ ತೆಗೀತಾಳೆ, ನಾನು ಒಳಗಿಂದ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ಕಾಲೇಜಿನಲ್ಲಿದ್ದಾಗ ಅಕ್ಕ ಮಧ್ಯಮ ದೂರದ ಓಟಗಾರ್ತಿ. ಪದಕಗಳೂ ಬಂದಿದ್ದವು. ಆಮೇಲೆ ಪಾಳಿಯ ಕೆಲಸ, ಸಂಸಾರ; ಸ್ಪರ್ಧೆ ಬಿಟ್ಟುಹೋಯಿತು, ಓಟ ಬಿಡಲಿಲ್ಲ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಕೆರೆಯ ಸುತ್ತ ಓಡಿ, ಒದ್ದೆ ಕೂದಲಿನಲ್ಲೇ ಆಸ್ಪತ್ರೆಗೆ ಹೋಗುತ್ತಿದ್ದಳು.

ಶೂ ಕಂಪನಿಯೊಂದರ ಮೊದಲ ಶೂಟಿಂಗ್ ನಡೆದ ದಿನ ಅಕ್ಕ ಬಂದದ್ದು ಬರೀ ಕಾರು ಓಡಿಸಲಿಕ್ಕೆ. ಕಪ್ಪೆಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಸಾಮಾನು ಬಹಳವಿತ್ತು, ಭಾವ ಕಾರು ಬಿಟ್ಟುಕೊಟ್ಟಿದ್ದರು. ಊರಾಚೆಯ ಮಣ್ಣಿನ ರಸ್ತೆ. ಸೂರ್ಯ ಇನ್ನೂ ಮರಗಳ ಸೊಂಟದ ಮಟ್ಟದಲ್ಲಿದ್ದ. ಕಂಪನಿಯವರು ಕರೆತಂದ ರೂಪದರ್ಶಿ ನಿಂತರೆ ಗೊಂಬೆಯಂತಿದ್ದಳು, ಓಡಿದರೆ ಬಸ್ಸು ತಪ್ಪಿಸಿಕೊಂಡವಳಂತೆ ಕಾಣುತ್ತಿದ್ದಳು. ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ. ಕಪ್ಪೆ ಮಲಗಿ ತೆಗೆದಳು, ಕೂತು ತೆಗೆದಳು, ಹಿಂದಿನಿಂದ ತೆಗೆದಳು. ಏನು ಮಾಡಿದರೂ ಬಸ್ಸೇ ಕಾಣುತ್ತಿತ್ತು.

ಕಾರಿನ ಬಾನೆಟ್ ಮೇಲೆ ಕೂತಿದ್ದ ಅಕ್ಕ ತಡೆಯಲಾರದೆ ಇಳಿದು ಬಂದಳು. "ಕಾಲು ಎತ್ತೋದಲ್ಲಮ್ಮ, ನೆಲಾನ ಹಿಂದಕ್ಕೆ ತಳ್ಳೋದು. ಇಲ್ಲಿ ನೋಡು," ಎಂದು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿ ತೋರಿಸಿದಳು. ಕಪ್ಪೆಯ ಬೆರಳು ತಾನಾಗಿ ಒತ್ತಿತು. ಕ್ಯಾಮೆರಾದ ಹಿಂಬದಿಯ ಪುಟ್ಟ ತೆರೆಯಲ್ಲಿ ಆ ಚಿತ್ರ ನೋಡಿದ ಕಂಪನಿಯ ಮನುಷ್ಯ ಅಕ್ಕನ ಪಾದದ ಕಡೆ ತಿರುಗಿ, "ನಿಮ್ಮ ಅಕ್ಕನವರ ಕಾಲಿನ ಅಳತೆ ಎಷ್ಟು?" ಎಂದು ಕೇಳಿದ.

ಹೀಗೆ ಅಕ್ಕ ಬಸ್ ನಿಲ್ದಾಣದ ಎದುರಿನ ದೊಡ್ಡ ಫಲಕದ ಮೇಲೆ ಬಂದಳು. ಎರಡೂ ಪಾದ ನೆಲ ಬಿಟ್ಟಿವೆ, ಹಿಂದಿನ ಬೆಳಕಿಗೆ ಧೂಳು ಹೊತ್ತಿಕೊಂಡಂತಿದೆ, ಮುಖದಲ್ಲಿ ನಗುವಿಲ್ಲ, ಬಾಯಿ ತುಸು ತೆರೆದಿದೆ. ಆಸ್ಪತ್ರೆಗೆ ಬಂದವರು ಎಕ್ಸ್‌ರೇ ಯಂತ್ರದ ಮುಂದೆ ನಿಂತು, "ಆ ಬೋರ್ಡಲ್ಲಿರೋದು ನೀವಲ್ವಾ?" ಎಂದು ಕೇಳಿದರೆ ಅಕ್ಕ, "ಮೊದಲು ಉಸಿರು ಬಿಗಿ ಹಿಡೀರಿ, ಆಮೇಲೆ ಹೇಳ್ತೀನಿ," ಎನ್ನುತ್ತಿದ್ದಳು.

ಕಂಪನಿ ಮುಂದಿನ ಹಂಗಾಮಿಗೂ ಕರೆಯಿತು, ಅದರ ಮುಂದಿನದಕ್ಕೂ. ಕಪ್ಪೆ ಮಾವನ ಸ್ಟುಡಿಯೋದ ಮಹಡಿಯ ಮೇಲಿನ ಕೋಣೆ ಹಿಡಿದು ತನ್ನದೇ ಬೋರ್ಡ್ ಹಾಕಿಕೊಂಡಳು. ಅಕ್ಕ ರಜಾ ಹಾಕಿ ಬೆಟ್ಟದ ಮೇಲೆ ಓಡಿದಳು, ಅಣೆಕಟ್ಟಿನ ಏರಿಯ ಮೇಲೆ ಓಡಿದಳು, ಕಡಲ ದಂಡೆಯ ಮರಳಿನಲ್ಲಿ ಓಡಿದಳು. ನೋಡುವವರಿಗೆ ಅದು ಒಂದು ಓಟ. ತೆಗೆಯುವವರಿಗೆ ಅದೇ ಇಪ್ಪತ್ತು ಮಾರು ಜಾಗವನ್ನು ಮತ್ತೆ ಮತ್ತೆ ತುಳಿಯುವುದು. ಒಮ್ಮೆ ಲೇಸು ಬಿಚ್ಚಿರುತ್ತದೆ, ಒಮ್ಮೆ ಮುಂಗೈ ಕಂಪನಿಯ ಗುರುತಿಗೆ ಅಡ್ಡ ಬರುತ್ತದೆ, ಒಮ್ಮೆ ಎಲ್ಲ ಸರಿಯಿದ್ದು ಮೋಡ ಬರುತ್ತದೆ. "ಇನ್ನೊಂದು ಸಲ," ಎನ್ನುವುದು ಕಪ್ಪೆಗೆ ಉಸಿರಾಡಿದಷ್ಟೇ ಸಹಜವಾಗಿತ್ತು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಡೆದು ಶುರುವಿನ ಗುರುತಿಗೆ ವಾಪಸು ಹೋಗುತ್ತಿದ್ದಳು. ಮರಳಿನ ಶೂಟಿಂಗಿನ ದಿನ ಅವಳು ಆಗಾಗ ಬಗ್ಗಿ ಮೊಣಕಾಲ ಕೆಳಗೆ ಒತ್ತಿಕೊಳ್ಳುವುದು ಕಂಡಿತ್ತು. ಕಾಲುಚೀಲ ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಕಪ್ಪೆ ಬೆಳಕಿನ ಕಡೆ ನೋಡಿದಳು.

ಕಂಪನಿಗೆ ಹೊಸ ಮಾರುಕಟ್ಟೆ ಮುಖ್ಯಸ್ಥ ಬಂದ. ಮೃದು ಮಾತಿನ, ಸದಾ ಇಸ್ತ್ರಿ ಮುರಿಯದ ಮನುಷ್ಯ. ಗಾಜಿನ ಮೇಜಿನ ಮೇಲೆ ಅಕ್ಕನ ಚಿತ್ರಗಳನ್ನು ಹರಡಿಕೊಂಡು, "ಓಟ ಅದ್ಭುತವಾಗಿದೆ ಮೇಡಂ. ಆದರೆ ನಮ್ಮ ಗಿರಾಕಿಗಳು ಇನ್ನೂ ಚಿಕ್ಕ ವಯಸ್ಸಿನವರು," ಎಂದ. "ಒಂದು ಕೆಲಸ ಮಾಡೋಣ. ಕಾಲು, ಮೈಕಟ್ಟು ಇವರದ್ದೇ ಇರಲಿ. ಮುಖ ಮಾತ್ರ ಸ್ವಲ್ಪ ಫ್ರೆಶ್ ಆಗಿರೋದು ಹಾಕೋಣ. ನಿಮಗೆ ಅದೇನು ಕಷ್ಟ ಅಲ್ವಲ್ಲ."

ಕಷ್ಟವಾಗಿರಲಿಲ್ಲ. ಮಾವ ದಿನಕ್ಕೆ ಹತ್ತು ಜನಕ್ಕೆ ಕೋಟು ತೊಡಿಸುವುದನ್ನು ನೋಡಿ ಬೆಳೆದವಳು ಅವಳು. ಇಲ್ಲಿ ಕೋಟಿನ ಬದಲು ತಲೆ, ಅಷ್ಟೇ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ನೋಡೋಣ," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಎದ್ದು ಬಂದಳು.

ಅಕ್ಕ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕಪ್ಪೆ ವಿಷಯ ಹೇಳಿದಳು.

"ಯಾರ ಮುಖ?" ಎಂದಳು ಅಕ್ಕ.

"ಇನ್ನೂ ಗೊತ್ತಿಲ್ಲ."

"ಯಾರದ್ದು ಅಂತಲೇ ಗೊತ್ತಿಲ್ಲದ ಮುಖಾನ ನನ್ನ ಕುತ್ತಿಗೆ ಮೇಲೆ ಕೂರಿಸ್ಕೊಂಡು ಓಡಬೇಕಾ? ಬೇಡ ಕಣೇ." ಒದ್ದೆ ಅಂಗಿಯನ್ನು ಒಮ್ಮೆ ಕೊಡವಿ ಕ್ಲಿಪ್ಪು ಸಿಕ್ಕಿಸಿದಳು. ಅಷ್ಟಕ್ಕೇ ಆ ಮಾತು ಮುಗಿಯಿತು.

ಕಪ್ಪೆ ಕಂಪನಿಗೆ ಫೋನ್ ಮಾಡಿ, ಮುಖ ಬದಲಿಸುವುದು ಆಗುವುದಿಲ್ಲ, ಚಿಕ್ಕ ವಯಸ್ಸಿನವರೇ ಬೇಕಿದ್ದರೆ ಚಿಕ್ಕ ವಯಸ್ಸಿನ ಓಟಗಾರ್ತಿಯನ್ನೇ ಹುಡುಕಿ ಎಂದಳು. ಮುಖ್ಯಸ್ಥ ತಕ್ಷಣ ಒಪ್ಪಿದ. ಇದು ಇಷ್ಟು ಸುಲಭಕ್ಕೆ ಆಗುತ್ತದೆಂದು ಅವಳು ಎಣಿಸಿರಲಿಲ್ಲ. ವಾರದೊಳಗೆ ವಿಶ್ವವಿದ್ಯಾಲಯದ ತಂಡದ ಹುಡುಗಿಯೊಬ್ಬಳು ಸಿಕ್ಕಳು. ಜೊತೆಯವರು ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಉದ್ದಕ್ಕೆ, ಸಣ್ಣಕ್ಕೆ, ಮುಟ್ಟಿದರೆ ಮುರಿಯುವಳೇನೋ ಎಂಬಂತಿದ್ದಳು. ಓಡಲು ನಿಂತರೆ ಮಾತ್ರ ಬೇರೆಯೇ. ಮೊದಲ ಓಟದಲ್ಲೇ ಕಪ್ಪೆಗೆ ಗೊತ್ತಾಗಿಹೋಯಿತು: ಅಕ್ಕನನ್ನಿಟ್ಟುಕೊಂಡು ತಾನು ತೆಗೆದ ಯಾವ ಚಿತ್ರವೂ ಇದಕ್ಕೆ ಸಮನಲ್ಲ. ಅವಳಿಗೆ ಖುಷಿಯಾಯಿತು. ಆ ಖುಷಿಯಲ್ಲಿ ಅಕ್ಕನ ನೆನಪು ಬಂದದ್ದು ಸಾಮಾನು ಕಟ್ಟುವಾಗ.

ಹೇಳಬೇಕು ಎಂದುಕೊಂಡಳು. ಅಕ್ಕನಿಗೆ ಪಾಳಿ ಇದೆ, ಭಾವನಿಗೆ ಜ್ವರ, ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಒಂದಲ್ಲ ಒಂದು ಕುಂಟು ನೆಪ ಸಿಕ್ಕಿತು. ಅಷ್ಟರಲ್ಲಿ ಬಸ್ ನಿಲ್ದಾಣದ ಫಲಕ ಬದಲಾಯಿತು.

ಅಕ್ಕ ಡ್ಯೂಟಿ ಮುಗಿಸಿಕೊಂಡು ನೇರ ಮಹಡಿ ಹತ್ತಿ ಬಂದಳು. ಕುರ್ಚಿ ಇದ್ದರೂ ಕೂರಲಿಲ್ಲ.

"ಚೆನ್ನಾಗಿದೆ ಫೋಟೋ. ಆ ಹುಡುಗಿ ತೋಳು ಎಷ್ಟು ಹಗುರ ಬಿಡ್ತಾಳೆ ನೋಡು. ನಂಗೆ ಯಾವತ್ತೂ ಬರಲಿಲ್ಲ ಅದು."

"ಹೇಳಬೇಕು ಅಂತಲೇ ಇದ್ದೆ ಅಕ್ಕ."

"ನಾನು ಬೇಡ ಅಂದಿದ್ದು ಮುಖ ಬದಲಾಯಿಸೋದನ್ನ. ಓಡೋದನ್ನ ಬೇಡ ಅಂದಿರಲಿಲ್ಲ."

"ಕಂಪನಿಯವರು..."

"ಕಂಪನಿಯವರು ನನ್ನ ತಂಗಿ ಅಲ್ಲ," ಎಂದು ಅಕ್ಕ ಮೆಟ್ಟಿಲಿಳಿದು ಹೋದಳು. ಕೆಳಗೆ ಮಾವ ಚಹಾ ಕುಡಿಯಲು ಕರೆದದ್ದೂ, ಅವಳು ಬೇಡವೆಂದದ್ದೂ ಮೇಲೆ ಕೇಳಿಸಿತು.

ಮಾತು ಬಿಟ್ಟರೆಂದಲ್ಲ. ಅಮ್ಮನ ಔಷಧಿ, ಭಾವನ ಕೆಮ್ಮು, ನೀರಿನ ಟ್ಯಾಂಕಿನ ಸೋರಿಕೆ, ಇವುಗಳ ಬಗ್ಗೆ ಇಬ್ಬರೂ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದರು. ಫೋಟೋದ ವಿಷಯ, ಓಟದ ವಿಷಯ ಮಾತ್ರ ಇಬ್ಬರ ಬಾಯಲ್ಲೂ ಬರುತ್ತಿರಲಿಲ್ಲ.

ಆ ವರ್ಷ ಕಪ್ಪೆಯ ಕೈಗೆ ಪುರಸೊತ್ತೇ ಇರಲಿಲ್ಲ. ಸೈಕಲ್ ಕಂಪನಿ, ಟೆಂಟಿನ ಕಂಪನಿ, ಬಂಡೆ ಹತ್ತುವವರ ಹಗ್ಗ ಮಾಡುವ ಕಂಪನಿ. ಹಗ್ಗದವರ ಕೆಲಸಕ್ಕಾಗಿ ಅವಳು ಬಂಡೆಯ ಅಂಚಿನಿಂದ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದು, ಗಾಳಿಯಲ್ಲಿ ತೂಗಾಡುತ್ತಾ ಚಿತ್ರ ತೆಗೆದಳು. ಮೊದಲ ದಿನ ಕೆಳಗೆ ನೋಡಿ ನೋಡಿ ಅರ್ಧ ಚಿತ್ರಗಳು ಹಾಳಾದವು. ಮೂರನೆಯ ದಿನ, ಕೆಳಗೆ ನೋಡದಿದ್ದರೆ ಆಯಿತು ಎಂಬ ಉಪಾಯ ಹೊಳೆಯಿತು. ದೊಡ್ಡ ಊರಿನ ಜಾಹೀರಾತು ಏಜೆನ್ಸಿಗಳು ಅವಳನ್ನು ಹುಡುಕಿಕೊಂಡು ಬಂದವು. ಮಾವ ಗಿರಾಕಿಗಳಿಗೆ, "ಮೇಲಿರೋಳು ನನ್ನ ಸೊಸೆ. ಲೆನ್ಸ್ ನಂದು," ಎಂದು ಹೇಳಿಕೊಳ್ಳುತ್ತಿದ್ದರು.

ಶೂ ಕಂಪನಿಯ ಮುಂದಿನ ಶೂಟಿಂಗ್ ಬೆಟ್ಟದ ಇಳಿಜಾರಿನಲ್ಲಿ. ಸಂಜೆಯ ಬೆಳಕು ಬೆಟ್ಟದ ಅಂಚಿನ ಮೇಲೆ ಸ್ವಲ್ಪವೇ ಹೊತ್ತು ಅಡ್ಡಡ್ಡ ಬೀಳುತ್ತದೆ, ಅಷ್ಟರೊಳಗೆ ಕೆಲಸ ಮುಗಿಯಬೇಕು. ಕಪ್ಪೆ ಜಲ್ಲಿಕಲ್ಲಿನ ನಡುವೆ ಬೋರಲು ಮಲಗಿದ್ದಳು. ಕಡ್ಡಿ ಮಧ್ಯಾಹ್ನದಿಂದ ಇಳಿಯುತ್ತಿದ್ದಳು, ಹತ್ತುತ್ತಿದ್ದಳು, ಮತ್ತೆ ಇಳಿಯುತ್ತಿದ್ದಳು.

"ಅಕ್ಕಾ, ಸಾಕಲ್ವಾ?" ಎಂದು ಕಡ್ಡಿ ಮೇಲಿನಿಂದ ಕಪ್ಪೆಯನ್ನು ಕೇಳಿದಳು.

"ಬೆಳಕು ಈಗ ಬರ್ತಿದೆ ಕಣೇ. ಇನ್ನೊಂದು ಸಲ."

ಕಡ್ಡಿ ಓಡಿ ಬಂದಳು. ಆ ಓಟ ಚೆನ್ನಾಗಿ ಬಂತು. ಕಪ್ಪೆ ಚಿತ್ರ ನೋಡಿಕೊಂಡು ತಲೆಯೆತ್ತುವಷ್ಟರಲ್ಲಿ ಹುಡುಗಿ ದಾರಿಯ ಮಧ್ಯೆ ಕುಳಿತಿದ್ದಳು. ಬಿದ್ದಿರಲಿಲ್ಲ, ಎಡವಿರಲಿಲ್ಲ. ಬೆಟ್ಟ ಹತ್ತಲು ತಿರುಗಿದವಳು, ಮೆಲ್ಲಗೆ, ಕುರ್ಚಿ ಇದೆಯೇನೋ ಎಂಬಂತೆ ಕೂತುಬಿಟ್ಟಿದ್ದಳು. ಎರಡೂ ಕೈಯಲ್ಲಿ ಮೊಣಕಾಲ ಕೆಳಗೆ ಹಿಡಿದುಕೊಂಡಿದ್ದಳು. ಅಳಲಿಲ್ಲ. "ಅಕ್ಕ, ಕಾಲು ಊರೋಕಾಗ್ತಿಲ್ಲ," ಎಂದಳು.

ಇಬ್ಬರು ಹೊತ್ತು ಕೆಳಗಿಳಿಸಿ ವ್ಯಾನಿನಲ್ಲಿ ಮಲಗಿಸಿದರು. ಯಾವ ಆಸ್ಪತ್ರೆ ಎಂದು ಡ್ರೈವರ್ ಕೇಳಿದಾಗ ಕಪ್ಪೆಯ ಬಾಯಿಗೆ ಬಂದದ್ದು ತನಗೆ ಗೊತ್ತಿದ್ದ ಒಂದೇ ಹೆಸರು. ಗಾಲಿಕುರ್ಚಿ ತಳ್ಳಿಕೊಂಡು ಎಕ್ಸ್‌ರೇ ಕೋಣೆಯ ಬಾಗಿಲಿಗೆ ಬಂದ ಮೇಲೇ, ಒಳಗೆ ಯಾರಿದ್ದಾರೆಂಬುದು ಅವಳ ತಲೆಗೆ ಹೋದದ್ದು.

ಅಕ್ಕ ಸೀಸದ ಏಪ್ರನ್ ಹಾಕಿಕೊಂಡು ನಿಂತಿದ್ದಳು. ತಂಗಿಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು. "ಯಾವ ಕಾಲಮ್ಮ?" ಎಂದು ಕಡ್ಡಿಯನ್ನು ಕೇಳಿದಳು. ಶೂ ಬಿಚ್ಚಿ, ಕಾಲುಚೀಲ ಮಡಚಿ, ಕಾಲನ್ನು ಮೇಜಿನ ಮೇಲೆ ಹಗುರಾಗಿ ಇಟ್ಟಳು. ಪಾದ ಒಂಚೂರು ಓರೆ ಮಾಡಿ, "ಹೀಗೇ ಇರು. ಅಲ್ಲಾಡಬೇಡ," ಎಂದಳು. ಅವಳು ಆ ಮಾತನ್ನು ಒಂದೇ ಸಲ ಹೇಳಿದಳು, ಚಿತ್ರವೂ ಒಂದೇ ಸಲಕ್ಕೆ ಬಂತು. ಪಕ್ಕದಿಂದ ಇನ್ನೊಂದು ತೆಗೆದು ಮುಗಿಸಿದಳು.

ವೈದ್ಯರು ನೋಡಿ, ಬಿರುಕು ಎಂದರು. ಪಟ್ಟಿ ಕಟ್ಟಿಸಲು ಹುಡುಗಿಯನ್ನು ಕರೆದುಕೊಂಡು ಹೋದರು. ಕೋಣೆಯಲ್ಲಿ ಅಕ್ಕತಂಗಿಯರೇ ಉಳಿದರು. ಅಕ್ಕ ಪರದೆಯ ಮೇಲೆ ಬೆರಳಿಟ್ಟಳು. ಬೆಳ್ಳನೆಯ ಮೂಳೆಯ ಮೇಲೆ ಕೂದಲು ಅಂಟಿದಂತೆ ಒಂದು ಗೆರೆ.

"ಇದು ಇವತ್ತಿಂದಲ್ಲ. ವಾರಗಟ್ಟಲೆಯಿಂದ ಇದೆ. ಸುತ್ತ ಮೂಳೆ ದಪ್ಪ ಆಗಿದೆ ನೋಡು. ಇವತ್ತು ಪೂರಾ ಬಿರುಕು ಬಿಡ್ತು."

"ಅವಳು ಹೇಳಲೇ ಇಲ್ಲ."

"ಹೇಳಲ್ಲ. ನಾನೂ ಹೇಳಲಿಲ್ಲ." ಅಕ್ಕ ಏಪ್ರನ್ ಬಿಚ್ಚಿ ಗೂಟಕ್ಕೆ ತಗುಲಿಸಿದಳು. "ನಂದೂ ಹೆಚ್ಚುಕಮ್ಮಿ ಇದೇ ಜಾಗ. ಮರಳಲ್ಲಿ ಓಡಿಸಿದ್ಯಲ್ಲ, ಆ ವರ್ಷ. ಇಲ್ಲೇ, ಜೊತೆಯವಳ ಕೈಲಿ ತೆಗೆಸಿ ನೋಡ್ಕೊಂಡೆ."

ಕಪ್ಪೆ ಅಕ್ಕನ ಕಾಲಿನ ಕಡೆ ನೋಡಿದಳು. "ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಲ್ಲಿಸ್ತಿದ್ದೆಯಾ?"

ನಿಲ್ಲಿಸುತ್ತಿದ್ದೆ ಎನ್ನಬೇಕೆಂದುಕೊಂಡಳು. ಆದರೆ ಆ ದಿನದ ಕಡಲು, ಇಳಿಯುತ್ತಿದ್ದ ಬೆಳಕು ಕಣ್ಣಿಗೆ ಕಟ್ಟಿದಂತೆ ನೆನಪಿತ್ತು.

"ನಂಗೂ ಓಡಬೇಕಿತ್ತು ಕಣೇ," ಎಂದಳು ಅಕ್ಕ. "ಪೂರಾ ನಿನ್ನ ತಲೆಗೇ ಕಟ್ಟಲ್ಲ. ಹೋಗು, ಆ ಹುಡುಗಿ ಹತ್ರ ಕೂತ್ಕೋ. ಅವರಮ್ಮಂಗೆ ಫೋನ್ ಮಾಡು. ನೀನೇ ಮಾಡು, ಬೇರೆಯವರ ಕೈಲಿ ಮಾಡಿಸಬೇಡ."

ಕಡ್ಡಿಗೆ ಆ ಹಂಗಾಮು ಪೂರ್ತಿ ಕೈತಪ್ಪಿತು. ಅವಳ ಕೋಚ್ ಫೋನಿನಲ್ಲಿ ಬೈದದ್ದನ್ನು ಕಪ್ಪೆ ನಿಂತುಕೊಂಡೇ ಕೇಳಿಸಿಕೊಂಡಳು. ನೋಡಲು ಹೋದಾಗ ಹುಡುಗಿಯ ತಾಯಿ ಬಾಗಿಲು ತೆಗೆದು, ಚಹಾ ಕೊಟ್ಟು, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ಇತ್ತ ಕಂಪನಿಯವರಿಗೆ ಚಿತ್ರ ಬೇಕಿತ್ತು. ಅಂದು ತೆಗೆದವುಗಳಲ್ಲಿ ಕೊನೆಯ ಓಟದ್ದೇ ಎಲ್ಲಕ್ಕಿಂತ ಮೇಲು. ಅದನ್ನು ಏನು ಮಾಡಲಿ ಎಂದು ಅವಳು ಕಡ್ಡಿಯನ್ನೇ ಕೇಳಿದಳು.

"ಕಾಲು ಮುರ್ಕೊಂಡು ತೆಗೆಸಿದ್ದು, ಮುಚ್ಚಿಡೋಕಾ? ಹಾಕಿಸಿ ಅಕ್ಕ. ದೊಡ್ಡದಾಗೇ ಹಾಕಿಸಿ," ಎಂದಳು ಹುಡುಗಿ, ಹಾಸಿಗೆಯಲ್ಲಿ ಒರಗಿಕೊಂಡು.

ಹಾಕಿಸಿದರು. ಇಂದಿಗೂ ಕಪ್ಪೆಯ ಹೆಸರು ಹೇಳಿದರೆ ಬಹಳ ಜನಕ್ಕೆ ನೆನಪಾಗುವುದು ಆ ಚಿತ್ರವೇ. ಅದನ್ನು ಹೊಗಳಿದವರಿಗೆ ಅವಳು ಥ್ಯಾಂಕ್ಸ್ ಹೇಳಿ ಬೇರೆ ಮಾತಿಗೆ ಹೊರಳುತ್ತಾಳೆ.

ಒಂದು ಭಾನುವಾರ ಅವಳು ಅಕ್ಕನ ಮನೆಗೆ ಹೋದಳು. ಅಕ್ಕ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಕಪ್ಪೆ ಬಾಗಿಲ ಹತ್ತಿರವೇ ನಿಂತು, "ಶೂಟಿಂಗಿಗೆ ಬರ್ತೀಯಾ?" ಎಂದಳು.

"ಈ ವಯಸ್ಸಿಗೆ ಈ ಕಾಲಿಟ್ಕೊಂಡು?"

"ಓಡೋಕಲ್ಲ. ಸಾಕು ಅನ್ನೋಕೆ. ನಂಗೆ ಆ ಮಾತು ಬರಲ್ಲ, ಓಡೋರಿಗೂ ಬರಲ್ಲ. ನೀನು ನೋಡ್ತಾ ನಿಂತ್ಕೋ. ನೀನು ಸಾಕು ಅಂದ್ರೆ ಮುಗೀತು."

ಅಕ್ಕ ಚಾಕು ಕೆಳಗಿಟ್ಟಳು. "ಬೆಳಕು ಚೆನ್ನಾಗಿರೋವಾಗ ಸಾಕು ಅಂದ್ರೆ?"

"ಆಗಲೂ."

"ನಿಮ್ಮ ಏಜೆನ್ಸಿಯವರು ಒಪ್ಕೋತಾರಾ?"

"ಒಪ್ಪದವರು ಬೇರೆಯವರನ್ನ ನೋಡ್ಕೋತಾರೆ."

ಒಳಕೋಣೆಯಿಂದ ಭಾವನ ದನಿ ಬಂತು. "ಅವಳನ್ನೇನು ಕೇಳ್ತೀಯ? ಅವಳು ಸಾಕು ಅಂದ್ರೆ ನಾನು ಅರ್ಧ ಊಟದಲ್ಲೇ ಕೈ ತೊಳೆದುಬಿಡ್ತೀನಿ." ಅಕ್ಕ ನಗಲಿಲ್ಲ. ತರಕಾರಿಯನ್ನು ಪಾತ್ರೆಗೆ ಸುರಿದು, "ರಜಾ ಸಿಗುತ್ತಾ ನೋಡ್ತೀನಿ," ಎಂದಳು.

ಮೊದಲ ಸಲ ಅದು ಸೈಕಲ್ ಕಂಪನಿಯ ಕೆಲಸ. ಸವಾರನೊಬ್ಬ ತಿರುವಿನ ಏರು ರಸ್ತೆಯನ್ನು ಮತ್ತೆ ಮತ್ತೆ ಹತ್ತುತ್ತಿದ್ದ. ಮೋಡ ಒಡೆದು ಬೆಳಕು ಇಳಿಯತೊಡಗಿದ್ದೇ ತಡ, ರಸ್ತೆಯಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದ ಅಕ್ಕ, "ಸಾಕು," ಎಂದಳು. ಸವಾರನ ಭುಜ ಎರಡು ಸುತ್ತಿನಿಂದಲೂ ಒಂದೇ ಕಡೆ ವಾಲುತ್ತಿತ್ತಂತೆ. ಏಜೆನ್ಸಿಯ ಮನುಷ್ಯ ಕಪ್ಪೆಯ ಮುಖ ನೋಡಿದ. ಅವಳಿಗೆ ನುಂಗಲಾರದ ತುತ್ತಾಯಿತು. ಬೆಟ್ಟದ ಮೇಲೆ ಬೆಳಕು ಹರಡುತ್ತಲೇ ಇತ್ತು. ಅವಳು ಕ್ಯಾಮೆರಾದಿಂದ ಬ್ಯಾಟರಿ ಹೊರತೆಗೆದು ಜೇಬಿಗೆ ಹಾಕಿಕೊಂಡಳು, ಇಲ್ಲದಿದ್ದರೆ ತನ್ನ ಕೈ ಮೇಲೆ ತನಗೇ ಭರವಸೆಯಿರಲಿಲ್ಲ.

ಆ ಏಜೆನ್ಸಿ ಮತ್ತೆ ಕರೆಯಲಿಲ್ಲ. ಶೂ ಕಂಪನಿಯ ಮುಖ್ಯಸ್ಥ, ನಿಮ್ಮ ಅಕ್ಕನವರು ಇಲ್ಲದ ದಿನ ನೋಡಿ ಇಟ್ಟುಕೊಳ್ಳೋಣವೇ ಎಂದು ಮೃದುವಾಗಿಯೇ ಕೇಳಿ, ಕೊನೆಗೆ ಬೇರೆಯವರನ್ನು ಹಿಡಿದ. ಒಂದು ವರ್ಷ ಕಪ್ಪೆ ಮತ್ತೆ ಬಿಳಿ ಹಲಗೆಯ ಮೇಲೆ ಬಾಟಲಿಗಳ ಚಿತ್ರ ತೆಗೆದಳು. ಆಮೇಲೆ ಕೆಲಸ ಬೇರೆ ದಿಕ್ಕಿನಿಂದ ಬಂತು. ಆಟಗಾರರೇ ತಮ್ಮ ಕಂಪನಿಗಳಿಗೆ, ಫೋಟೋ ತೆಗೆಯುವುದಾದರೆ ಆ ಅಕ್ಕತಂಗಿಯರನ್ನೇ ಕರೆಸಿ ಎನ್ನತೊಡಗಿದರು. ಕಾಲು ಕೂಡಿಕೊಂಡ ಮೇಲೆ ಕಡ್ಡಿ ಮೊದಲಿನಷ್ಟು ವೇಗ ಕಾಣಲಿಲ್ಲ. ದೂರದ ಓಟಕ್ಕೆ ಹೊರಳಿಕೊಂಡಳು, ಅಲ್ಲಿ ತಕ್ಕಮಟ್ಟಿಗೆ ಹೆಸರು ಮಾಡಿದಳು. ಅಕ್ಕತಂಗಿಯರೇ ಬೇಕೆಂದು ತನ್ನ ಕಂಪನಿಗೆ ಮೊದಲು ಹೇಳಿದವರಲ್ಲಿ ಅವಳೂ ಒಬ್ಬಳು.

ಕಳೆದ ತಿಂಗಳು ಈಜುಡುಪಿನ ಕಂಪನಿಯೊಂದು ಕರೆಯಿತು. ಕಪ್ಪೆಗೆ ಹಿಗ್ಗೋ ಹಿಗ್ಗು. ನೀರೊಳಗಿನ ಕ್ಯಾಮೆರಾಕ್ಕೆ ಕವಚ ಹುಡುಕಲು ಶುರುಮಾಡಿದ್ದಳು. ಅಕ್ಕ ಮಾತ್ರ ತಲೆ ಅಲ್ಲಾಡಿಸಿದಳು.

"ನಂಗೆ ನೀರಿನ ವಿಷಯ ಗೊತ್ತಿಲ್ಲ. ಈಜೋರು ದಣಿದಾಗ ಎಲ್ಲಿ ಕಾಣುತ್ತೆ? ಭುಜದಲ್ಲಾ, ಉಸಿರಲ್ಲಾ? ಗೊತ್ತಿಲ್ಲದೆ ದಡದಲ್ಲಿ ನಿಂತು ಸಾಕು ಅನ್ನೋಕಾಗುತ್ತಾ?"

"ಬೇರೆ ಯಾರನ್ನಾದ್ರೂ ಕೇಳೋಣ ಹಾಗಾದ್ರೆ."

"ಯಾಕೆ? ಶೂಟಿಂಗಿಗೆ ಇನ್ನೂ ಟೈಮಿದೆಯಲ್ಲ."

ಈಗ ಡ್ಯೂಟಿ ಮುಗಿದ ಮೇಲೆ ಅಕ್ಕ ಈಜುಕೊಳಕ್ಕೆ ಹೋಗುತ್ತಾಳೆ. ಹೊಸಬರ ತರಗತಿಯಲ್ಲಿ ಇರುವವರೆಲ್ಲ ಅವಳ ಸೊಂಟಕ್ಕೆ ಬರುವ ಮಕ್ಕಳು. ಕಪ್ಪೆ ಒಂದು ಸಂಜೆ ನೋಡಲು ಹೋದಾಗ ಎಲ್ಲರೂ ಕೊಳದ ಅಂಚಿನ ಕಂಬಿ ಹಿಡಿದು ಸಾಲಾಗಿ ನಿಂತಿದ್ದರು. ಅಕ್ಕನ ತಲೆಗೆ ಬಿಗಿಯಾದ ರಬ್ಬರ್ ಟೋಪಿ, ಹುಬ್ಬು ಮೇಲಕ್ಕೆ ಎಳೆದುಕೊಂಡು ಸದಾ ಆಶ್ಚರ್ಯಪಟ್ಟವಳಂತೆ ಕಾಣುತ್ತಿದ್ದಳು. ಈಜು ಕಲಿಸುವಾತ ಸೀಟಿ ಊದಿ, "ಮುಖ ಮುಳುಗಿಸಿ," ಎಂದ. ಮಕ್ಕಳು ಬುಳಬುಳನೆ ಮುಳುಗಿಸಿದವು. ಅಕ್ಕ ಒಮ್ಮೆ ಆಚೀಚೆ ನೋಡಿ, ಕೆನ್ನೆ ಉಬ್ಬಿಸಿ ಉಸಿರು ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನೀರೊಳಗೆ ಮುಖವಿಟ್ಟಳು.